ಕವುಚಿಟ್ಟ ಡಬ್ಬಿ

ನಮ್ಮ ಅಜ್ಜಿ ಒಂದು ಸಂಜೆ ಮೈಕಿನ ಸದ್ದನ್ನು ನಂಬಿ ಮೋಸಹೋದರು. ಬಂಟ್ವಾಳದಲ್ಲಿ ನಮ್ಮ ಮನೆಗೂ ಮಸೀದಿಗೂ ಕೂಗಳತೆಯ ದೂರ. ತೊಂಬತ್ತರ ದಶಕ, ಸೆಕೆಯ ರಂಜಾನ್. ಹಗಲಿಡೀ ನೋಂಬು, ಅಂದರೆ ಉಪವಾಸ, ಹಿಡಿದವರೆಲ್ಲ ಸಂಜೆ ಚಾಪೆಯ ಮೇಲೆ ಸಾಲಾಗಿ ಕೂತು, ಖರ್ಜೂರ, ನೀರು, ಕಲ್ಲಂಗಡಿ ಹಣ್ಣಿನ ಶರಬತ್ತು ಎದುರಿಗಿಟ್ಟುಕೊಂಡು ಸಂಜೆಯ ನಮಾಜಿನ ಕರೆ, ಬಾಂಗ್, ಆಗುವುದನ್ನೇ ಕಾಯುತ್ತಿದ್ದೆವು. ಬಾಂಗ್ ಕೊಡುವ ಮೊದಲು ಮಸೀದಿಯಲ್ಲಿ ಮೈಕನ್ನು ಬೆರಳಿನಿಂದ ಎರಡು ಸಲ ತಟ್ಟಿ ನೋಡುವ ರೂಢಿ. ಆ ಟಕ್ ಟಕ್ ಕೇಳಿದ ಕೂಡಲೇ ಅಜ್ಜಿಯ ಕೈ ಖರ್ಜೂರದತ್ತ ಹೋಗುತ್ತಿತ್ತು.

ಆ ದಿನವೂ ಟಕ್ ಟಕ್ ಆಯಿತು. ಅಜ್ಜಿ ಬಿಸ್ಮಿ ಹೇಳಿ ಖರ್ಜೂರ ಬಾಯಿಗೆ ಹಾಕಿಕೊಂಡರು. ಮೈಕಿನಲ್ಲಿ ಬಂದದ್ದು ಬಾಂಗ್ ಅಲ್ಲ. ಯಾರದೋ ಕಂದು ಬಣ್ಣದ ಆಡು ತಪ್ಪಿಸಿಕೊಂಡಿದೆ, ಕಂಡವರು ತಿಳಿಸಬೇಕು ಎಂಬ ಪ್ರಕಟಣೆ. ಚಾಪೆಯ ಮೇಲಿದ್ದ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಹೊಟ್ಟೆ ಖಾಲಿ ಇದ್ದದ್ದರಿಂದ ಹಿಡಿದುಕೊಳ್ಳುವುದಕ್ಕೂ ಸುಲಭವಿತ್ತು.

"ನಗಿ, ನಗಿ," ಎಂದರು ಅಜ್ಜಿ, ಖರ್ಜೂರವನ್ನು ಉಗಿದು ಬಾಯಿ ತೊಳೆದುಕೊಳ್ಳುತ್ತ. "ಆ ಆಡು ಸಿಕ್ಕಲಿ, ನನ್ನ ನೋಂಬು ಎಲ್ಲಿಗೆ ಕೊಂಡುಹೋದೆ ಅಂತ ಅದನ್ನೇ ಕೇಳ್ತೇನೆ."

ಹಾಳಾದ ಆ ನೋಂಬನ್ನು ಅವರು ಹಬ್ಬ ಕಳೆದ ಮೇಲೆ ಒಬ್ಬರೇ ಹಿಡಿದು ತೀರಿಸಿದರು. ಅಲ್ಲಿಂದ ಮುಂದೆ ಮೈಕಿನ ಸದ್ದು ಕೇಳಿದರೆ ಅಜ್ಜಿ ಮೊದಲು ಗೋಡೆಯ ಗಡಿಯಾರ ನೋಡುತ್ತಿದ್ದರು, ಆಮೇಲೆ ಪಕ್ಕದಲ್ಲಿ ಅಂಟಿಸಿದ ರಂಜಾನಿನ ಸಮಯದ ಪಟ್ಟಿ ನೋಡುತ್ತಿದ್ದರು. ಹೊತ್ತು ಆಗಿರದಿದ್ದರೆ ಚಾಚಿದ ಕೈಯನ್ನು ಮಡಿಲಿಗೆ ತಂದುಕೊಂಡು ಮತ್ತೆ ಕಾಯುವುದಕ್ಕೆ ಕೂರುತ್ತಿದ್ದರು. ಸದ್ದು ಇನ್ನೊಮ್ಮೆ ಬಂದರೆ ಇನ್ನೊಮ್ಮೆ ನೋಡುವುದು. ನಾವು ಮಕ್ಕಳು ಬೇಕೆಂದೇ ಬಾಗಿಲನ್ನು ಟಕ್ ಟಕ್ ಎಂದು ತಟ್ಟಿ ಅವರ ಕತ್ತು ಗಡಿಯಾರದ ಕಡೆ ಹೊರಳುವುದನ್ನು ನೋಡಿ ಖುಷಿಪಡುತ್ತಿದ್ದೆವು. ಬೈಗುಳ ಧಾರಾಳವಾಗಿ ಸಿಗುತ್ತಿತ್ತು.

ಅಜ್ಜಿಯ ಆ ಕತ್ತು ನನಗೆ ಮತ್ತೆ ನೆನಪಾದದ್ದು ಹತ್ತು ಹನ್ನೆರಡು ವರ್ಷ ಕಳೆದು, ಮೂಡುಬಿದಿರೆಯ ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ. ನೆನಪಿಸಿದವಳು ನನ್ನ ಜೊತೆಗಾರ್ತಿ.

ಜೊತೆಗಾರ್ತಿ ಎಂದರೆ ಲ್ಯಾಬಿನ ಲೆಕ್ಕದಲ್ಲಿ ಪಾರ್ಟ್‌ನರ್. ಆಗ ಇಬ್ಬರಿಗೆ ಒಂದು ಕಂಪ್ಯೂಟರ್, ಒಂದು ಕೀಬೋರ್ಡ್, ಎದುರಿಗೆ ಒಂದೇ ಸ್ಟೂಲು. ಒಬ್ಬಳು ಕೂತು ಟೈಪ್ ಮಾಡಿದರೆ ಇನ್ನೊಬ್ಬಳು ಹಿಂದೆ ನಿಂತು ತಪ್ಪು ಹುಡುಕಬೇಕು. ನಾನು ಬಂಟ್ವಾಳದಿಂದ ದಿನಾ ಬಸ್ಸಿನಲ್ಲಿ ಹೋಗಿಬರುವವಳು, ಬ್ಯಾರಿಗಳ ಮನೆಯ ಹುಡುಗಿ, ಮೂಗಿನ ತುದಿಯಲ್ಲೇ ಕೋಪ. ಅವಳು ಮೂಡುಬಿದಿರೆಯದೇ ಜೈನ ಮನೆಯವಳು, ಏನು ಹೇಳಿದರೂ ನಗುವವಳು. ನಿಂತು ತಪ್ಪು ಹುಡುಕುವ ಕೆಲಸ ನನಗೆ ಹೇಳಿ ಮಾಡಿಸಿದಂತಿತ್ತು. ತುಳುವಿನಲ್ಲಿ ಜಗಳ, ಪುಸ್ತಕದ ಕನ್ನಡದಲ್ಲಿ ವೈವಾ ತಯಾರಿ, ಹೀಗೆ ನಮ್ಮ ಸಂಸಾರ ನಡೆಯುತ್ತಿತ್ತು.

ಅವಳಿಗೊಂದು ನಿಯಮವಿತ್ತು. ಸೂರ್ಯ ಮುಳುಗಿದ ಮೇಲೆ ನೀರು ಬಿಟ್ಟು ಬೇರೇನೂ ಬಾಯಿಗೆ ಹಾಕುವುದಿಲ್ಲ. ಹೊತ್ತು ಮುಳುಗುವ ಮೊದಲೇ ಉಣ್ಣುವುದು ಅವರಲ್ಲಿ ಹಿಂದಿನಿಂದ ಬಂದ ಪದ್ಧತಿ. ಆದರೆ ಓದುವ ಮಕ್ಕಳಿಗೆ ಇಷ್ಟು ಬಿಗಿ ಬೇಡ ಎಂದು ಮನೆಯವರೇ ಹೇಳಿದ್ದರಂತೆ. ಇವಳು ಕಾಲೇಜಿಗೆ ಸೇರಿದ ದಿನ ಬಸದಿಯಲ್ಲಿ ನಿಂತು, ಓದು ಮುಗಿಯುವ ತನಕ ಪಾಲಿಸುತ್ತೇನೆ ಎಂದು ತಾನಾಗಿಯೇ ಹೇಳಿಕೊಂಡು ಬಂದಿದ್ದಳು. "ಯಾಕೆ?" ಎಂದು ಕೇಳಿದರೆ, "ಯಾವುದಾದರೂ ಒಂದು ಮಾತು ಕೊನೇ ತನಕ ಉಳಿಸಿಕೊಳ್ಳಲಿಕ್ಕೆ ಆಗ್ತದಾ ನೋಡುವ ಅಂತ," ಎಂದಿದ್ದಳು. ಅವಳ ಅಮ್ಮ ದಿನಾ ಸಂಜೆಗೆಂದು ಸ್ಟೀಲ್ ಡಬ್ಬಿಯಲ್ಲಿ ಏನಾದರೂ ಹಾಕಿಕೊಡುತ್ತಿದ್ದರು. ನೀರುದೋಸೆ ಬೆಲ್ಲದ ಕಾಯಿಹೂರಣ, ಇಲ್ಲವೇ ಅವಲಕ್ಕಿ, ಇಲ್ಲವೇ ಹೆಸರುಕಾಳಿನ ಉಸಲಿ. ಲ್ಯಾಬಿನ ಹಿಂದುಗಡೆ ನಲ್ಲಿಯ ಹತ್ತಿರ ಒಂದು ಕಲ್ಲುಕಟ್ಟೆ ಇತ್ತು. ನಮಗೆ ಸಿಕ್ಕಿದ್ದು ಸಂಜೆಯ ಬ್ಯಾಚು, ಮನೆಗೆ ತಲುಪುವಾಗ ಕತ್ತಲು. ಹಾಗಾಗಿ ಹೊತ್ತು ಇಳಿಯುವ ಮೊದಲು ಆ ಕಟ್ಟೆಯ ಮೇಲೆ ಕೂತು ಅವಳ ರಾತ್ರಿಯೂಟ ಮುಗಿಯುತ್ತಿತ್ತು.

ಆ ಸೆಮಿಸ್ಟರಿನಲ್ಲಿ ನಮ್ಮ ತಲೆ ತಿಂದದ್ದು ಸಿ ಭಾಷೆಯ ಥ್ರೆಡ್‌ಗಳು. ಒಂದೇ ಪ್ರೋಗ್ರಾಮಿನ ಒಳಗೆ ಹಲವು ಕೆಲಸಗಾರರು ಒಟ್ಟಿಗೇ ದುಡಿಯುತ್ತಾರೆ, ಅವರೇ ಥ್ರೆಡ್‌ಗಳು. ಎಲ್ಲರೂ ಒಂದೇ ಪಾತ್ರೆಗೆ ಕೈಹಾಕಿದರೆ ಗಲಿಬಿಲಿ. ಅದಕ್ಕಾಗಿ ಪಾತ್ರೆಗೊಂದು ಲಾಕ್, ಅದನ್ನು ಹಿಡಿದವನು ಮಾತ್ರ ಪಾತ್ರೆ ಮುಟ್ಟಬಹುದು. ಆದರೆ ಲಾಕ್ ಹಿಡಿದು ಇಣುಕಿದಾಗ ಪಾತ್ರೆ ಖಾಲಿ ಇದ್ದರೆ? ಲಾಕ್ ಹಿಡಿದುಕೊಂಡೇ ಕಾದರೆ ತುಂಬುವವನು ಒಳಗೆ ಬರಲಾರ. ಬಿಟ್ಟು ಬಿಟ್ಟು ಬಂದು ಇಣುಕುತ್ತಲೇ ಇದ್ದರೆ ಯಂತ್ರಕ್ಕೆ ಸುಮ್ಮನೆ ದಣಿವು. ಅಲ್ಲಿಗೆ ಕಂಡೀಷನ್ ವೇರಿಯಬಲ್ ಬರುತ್ತದೆ. ಅದರ ಬಳಿ ಹೋಗಿ ವೇಯ್ಟ್ ಎಂದವನು ಲಾಕನ್ನು ಬಿಟ್ಟುಕೊಟ್ಟು ಮಲಗುತ್ತಾನೆ. ಪಾತ್ರೆ ತುಂಬಿದವನು ಸಿಗ್ನಲ್ ಎಂದರೆ ಮಲಗಿದವನು ಎದ್ದು, ಲಾಕನ್ನು ಮರಳಿ ಪಡೆದು ಕೆಲಸ ಮುಂದುವರಿಸುತ್ತಾನೆ. ಮಲಗಿದವರು ಯಾರೂ ಇಲ್ಲದಾಗ ಕೊಟ್ಟ ಸಿಗ್ನಲ್ ಗಾಳಿಗೆ ಹೋದಂತೆ. ಅದನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.

ಸರ್ ಇದನ್ನು ಬೋರ್ಡಿನ ತುಂಬ ಬಾಣ ಬಿಡಿಸಿ ಹೇಳಿದಾಗ ಇಡೀ ತರಗತಿ ತಲೆಯಾಡಿಸಿತು. ನಾವಿಬ್ಬರೂ ಆಡಿಸಿದೆವು. ಅರ್ಥವಾಗಿದ್ದು ಯಾರಿಗೋ ಏನೋ.

ಪ್ರೋಗ್ರಾಮು ಬರೆಯಲು ತೊಡಗಿದ ವಾರವೇ ರಂಜಾನ್ ಬಂತು. ಮಳೆ ಮುಗಿದು, ಹೊತ್ತು ಬೇಗ ಮುಳುಗುವ ದಿನಗಳು. ಈಗ ನೋಡಿ ನಮ್ಮ ಪರಿಸ್ಥಿತಿ. ಅವಳು ಸೂರ್ಯ ಮುಳುಗುವುದರೊಳಗೆ ತಿನ್ನಬೇಕು. ನಾನು ಮುಳುಗಿದ ಮೇಲೆಯೇ ತಿನ್ನಬೇಕು. ಇಬ್ಬರಿಗೂ ಸೂರ್ಯ ಒಂದೇ. ಹೊರಗಿನಿಂದ ನೋಡಿದವರಿಗೆ ಇದರಲ್ಲಿ ಕಷ್ಟವೇನೂ ಕಾಣದು, ಅವಳ ಊಟ ಮುಗಿದ ಮೇಲೆ ನನ್ನದು, ಅಷ್ಟೆ. ಆದರೆ ಅವರಿಗೆ ನಮ್ಮೂರಿನ ದಾಕ್ಷಿಣ್ಯ ಗೊತ್ತಿಲ್ಲ.

ಮೊದಲ ದಿನ ಹೊತ್ತು ಇಳಿಯುತ್ತ ಬಂದರೂ ಅವಳು ಸ್ಟೂಲು ಬಿಟ್ಟು ಏಳಲಿಲ್ಲ. "ಹೋಗಿ ತಿನ್ನು," ಎಂದೆ. "ಹಸಿವಿಲ್ಲ," ಎಂದಳು. ಬೆಳಕು ಹೋಯಿತು. ಪೇಟೆಯ ಕಡೆಯಿಂದ ಗಾಳಿಯಲ್ಲಿ ತೆಳ್ಳಗೆ ಬಾಂಗ್ ಕೇಳಿಸಿತು. ನಾನು ಲ್ಯಾಬಿನ ಮುಂದಿನ ಮೆಟ್ಟಿಲ ಮೇಲೆ ಕೂತು ಖರ್ಜೂರದ ಪೊಟ್ಟಣ ಬಿಚ್ಚಿದಾಗ ಅವಳು ಪಕ್ಕದಲ್ಲಿ ಬಂದು ಕೂತಳು, ಮುಚ್ಚಳ ತೆಗೆಯದ ಡಬ್ಬಿಯ ಸಮೇತ. ಆಗ ನನಗೆ ಹೊಳೆಯಿತು.

"ನೀನು ತಿನ್ನಲೇ ಇಲ್ಲವಾ?"

"ನೀನು ಬೆಳಗ್ಗಿನಿಂದ ನೀರೂ ಕುಡಿಯದೆ ನಿಂತಿದ್ದೀ. ನಿನ್ನ ಎದುರು ನಾನು ದೋಸೆ ತಿನ್ನುವುದು ಹೇಗೆ ಮಾರಾಯ್ತಿ?"

"ಹಾಗಾದ್ರೆ ಈಗ ತಿನ್ನು!"

"ಈಗ ಆಗುವುದಿಲ್ಲ. ಹೊತ್ತು ಮುಳುಗಿತು."

ಅವಳು ನಾಳೆ ಬೆಳಗಿನ ತನಕ ಉಪವಾಸ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನು ಖರ್ಜೂರ ಜಗಿಯುವುದಾದರೂ ಹೇಗೆ? ಒಂದು ಗುಟುಕು ನೀರಿನಲ್ಲಿ ನೋಂಬು ಬಿಟ್ಟು ಪೊಟ್ಟಣವನ್ನು ಹಾಗೆಯೇ ಮಡಚಿಟ್ಟೆ. ಬಸ್ಸಿನಲ್ಲಿ ಸಿದ್ದಕಟ್ಟೆ ದಾಟುವಾಗ ಹೊಟ್ಟೆ ಕೂಗುತ್ತಿತ್ತು. ಒಬ್ಬರು ತಿನ್ನಲಿಲ್ಲವೆಂದು ಇನ್ನೊಬ್ಬರು ತಿನ್ನದೆ ಇಬ್ಬರೂ ಹಸಿದು ಮನೆಗೆ ಹೋದೆವು. ಎರಡು ಥ್ರೆಡ್‌ಗಳು ಹೀಗೆ ಒಂದಕ್ಕೊಂದು ಕಾಯುತ್ತ ಕೂತರೆ ಪ್ರೋಗ್ರಾಮು ಅಲ್ಲೇ ಸ್ತಬ್ಧವಾಗುತ್ತದೆ, ಅದನ್ನು ಡೆಡ್‌ಲಾಕ್ ಎನ್ನುತ್ತಾರೆ ಎಂದು ಸರ್ ಅದೇ ವಾರ ಹೇಳಿದ್ದರು. ದಾಕ್ಷಿಣ್ಯದಿಂದಲೂ ಅದು ಆಗುತ್ತದೆ ಎಂದು ಅವರು ಹೇಳಿರಲಿಲ್ಲ.

ಮರುದಿನವೂ ಹೆಚ್ಚುಕಡಿಮೆ ಇದೇ ಕತೆ. ಅದರ ಮರುದಿನ ಬೆಳಗ್ಗೆ ಅವಳು ತರಗತಿಯ ಬಾಗಿಲಲ್ಲೇ ಕಣ್ಣುಕತ್ತಲೆ ಬಂದು ಕುಸಿದಳು. ಅವಳಿಗೆ ಮೊದಲೇ ರಕ್ತ ಕಡಿಮೆ ಎಂದು ಡಾಕ್ಟರು ಮಾತ್ರೆ ಕೊಟ್ಟಿದ್ದರಂತೆ. ನನಗೆ ಅದು ಗೊತ್ತಾದದ್ದೇ ಅವತ್ತು. ಕರೆದುಕೊಂಡು ಹೋಗಲು ಬಂದ ಅವಳ ಅಮ್ಮ ಡಬ್ಬಿ ತುಂಬಿಕೊಂಡೇ ವಾಪಸು ಬರುತ್ತಿದ್ದುದನ್ನು ಗಮನಿಸಿದ್ದರು. ನನ್ನ ಮೇಲೆ ಅವರಿಗೆ ಸಿಟ್ಟಿರಲಿಲ್ಲ, ಆದರೆ ಮಾತು ಖಡಕ್ಕಾಗಿತ್ತು.

"ನೋಡು ಮಗಾ, ನಿನಗೂ ಹೇಳ್ತೇನೆ, ಅವಳಿಗೂ ಹೇಳ್ತೇನೆ. ಇನ್ನು ಒಂದು ದಿನ ಈ ಡಬ್ಬಿ ತುಂಬಿ ಬಂದರೆ ಅವಳನ್ನು ಸಂಜೆಯ ಬ್ಯಾಚಿನಿಂದ ಬಿಡಿಸ್ತೇನೆ. ಬರುವ ವರ್ಷದ ಪ್ರಾಜೆಕ್ಟಿಗೂ ಬೆಳಗ್ಗಿನವರ ಜೊತೆ ಸೇರಲಿ. ಕಲಿಯುವುದು ಬೇಡ ಅಂತ ಅಲ್ಲ. ಉಣ್ಣದೆ ಕಲಿಯುವುದು ಬೇಡ."

ಅವಳ ಜೊತೆ ತಪ್ಪಿಹೋಗುತ್ತದೆ ಎಂದು ನಾನು ಹೆದರಿದೆ. ಈಗ ಬರೆಯುವಾಗ ಸಣ್ಣ ವಿಷಯ ಅನ್ನಿಸಬಹುದು. ಆದರೆ ಕಾಲೇಜಿನಲ್ಲಿ ನನಗೆ ಇದ್ದದ್ದು ಅವಳೊಬ್ಬಳೇ. ನನ್ನ ಕೋಪಕ್ಕೆ ಹೆದರಿ ಉಳಿದವರು ದೂರವಿದ್ದರು. ಅವಳಿಲ್ಲದೆ ಆ ಸ್ಟೂಲಿನ ಹಿಂದೆ ನಿಲ್ಲುವುದನ್ನು ಯೋಚಿಸಲೂ ನನ್ನಿಂದ ಆಗಲಿಲ್ಲ.

ಹಾಗಾಗಿ ಕಾನೂನು ಮಾಡಿಕೊಂಡೆವು. ಹೊತ್ತು ಇಳಿಯುವ ಮೊದಲು ಅವಳು ಸ್ಟೂಲು ಬಿಟ್ಟು ಹಿಂದಿನ ಕಟ್ಟೆಗೆ ಹೋಗಬೇಕು. ಕೀಬೋರ್ಡು ಆಗ ನನ್ನದು. ನೋಂಬಿನವಳ ಕಣ್ಣೆದುರು ತಿನ್ನಲು ಅವಳಿಗೆ ಸಂಕೋಚ, ಆದ್ದರಿಂದ ನಾನು ಆ ಕಡೆ ಹೋಗಬಾರದು. ತಿಂದು ಬಂದವಳು ಮೇಜಿನ ಮೇಲೆ ಎರಡು ಸಲ ತಟ್ಟಬೇಕು. ಆ ಟಕ್ ಟಕ್ ಕೇಳಿದರೆ ನನಗೆ ಸಮಾಧಾನ, ಬಾಂಗ್ ಆದಾಗ ನಿಶ್ಚಿಂತೆಯಿಂದ ನೋಂಬು ಬಿಡಬಹುದು. ಎರಡು ಮೂರು ದಿನ ಚೆನ್ನಾಗಿ ನಡೆಯಿತು.

ಅತ್ತ ನಮ್ಮ ಪ್ರೋಗ್ರಾಮು ಮಾತ್ರ ನಮ್ಮನ್ನು ಆಡಿಸುತ್ತಿತ್ತು. ಒಂದು ಥ್ರೆಡ್ ಪಾತ್ರೆಗೆ ತುಂಬುವುದು, ಎರಡು ಥ್ರೆಡ್‌ಗಳು ಅದರಿಂದ ತೆಗೆಯುವುದು. ಪಾಠದಲ್ಲಿ ಬಫರ್ ಎನ್ನುವ ಆ ಪಾತ್ರೆಗೆ ನಾವು ಇಟ್ಟ ಹೆಸರು 'ಡಬ್ಬಿ'. ಹತ್ತು ಸಲ ಓಡಿಸಿದರೆ ಒಂಬತ್ತು ಸಲ ಸರಿಯಾಗಿ ಬಂದು, ಹತ್ತನೆಯ ಸಲ ಡಬ್ಬಿಯಲ್ಲಿ ಮೈನಸ್ ಒಂದು ಇದೆ ಎಂದು ತೋರಿಸುತ್ತಿತ್ತು. ಖಾಲಿ ಡಬ್ಬಿಯಿಂದ ಯಾರೋ ಏನೋ ತಿಂದಿದ್ದಾರೆ! ಸರ್ ಬಂದು ನಿಂತರೆ ಅದೇ ಪ್ರೋಗ್ರಾಮು ಮನೆಗೆ ನೆಂಟರು ಬಂದಾಗಿನ ಮಗುವಿನ ಹಾಗೆ ಸಂಭಾವಿತವಾಗಿ ವರ್ತಿಸುತ್ತಿತ್ತು. ಅವರು ಹೋದ ಮೇಲೆ ಮತ್ತೆ ಮೈನಸ್ ಒಂದು. ನಾನು ಮಾನಿಟರಿಗೆ ಗುದ್ದುವುದೊಂದು ಬಾಕಿ.

ಆ ವಾರದ ಒಂದು ಸಂಜೆ ಅವಳು ಹಿಂದಿನಿಂದ ಬಂದು ಟಕ್ ಟಕ್ ಎಂದು ತಟ್ಟಿದಳು. ಇಷ್ಟು ಬೇಗ ಬಂದಳಲ್ಲ ಎಂದು ನನಗೆ ಸಂಶಯ. ಕೈಚಾಚಿ ಅವಳ ಚೀಲದೊಳಗಿನ ಡಬ್ಬಿ ಎತ್ತಿದೆ. ಭಾರವಾಗಿತ್ತು.

"ಇದೆಂತ ಇದು?"

"ಹೊರಗೆ ಯಾರೋ ಇದ್ದರು ಮಾರಾಯ್ತಿ. ಮತ್ತೆ ನಿನ್ನನ್ನು ಒಬ್ಬಳನ್ನೇ ಬಿಟ್ಟು..."

"ಮತ್ತೆ ತಟ್ಟಿದ್ದು ಯಾಕೆ?"

"ನಿನಗೆ ಸಮಾಧಾನ ಆಗಲಿ ಅಂತ."

ನನಗೆ ಬಂದ ಕೋಪಕ್ಕೆ ಇಡೀ ಲ್ಯಾಬು ತಿರುಗಿ ನೋಡಿತು. ತಟ್ಟುವುದಕ್ಕೇನು, ಮರಕುಟಿಗ ಹಕ್ಕಿಯೂ ತಟ್ಟುತ್ತದೆ ಎಂದೆ. ನಿನ್ನ ಸದ್ದನ್ನು ಇನ್ನು ನಾನು ನಂಬುವುದಿಲ್ಲ, ಪ್ರತಿ ಸಲ ಡಬ್ಬಿ ನೋಡುತ್ತೇನೆ ಎಂದೆ. ತಿಂದು ತೊಳೆದು ಮುಚ್ಚಳದ ಮೇಲೆ ಕವುಚಿಟ್ಟಿರಬೇಕು, ಕವುಚಿಡದಿದ್ದರೆ ವಾಪಸು ಹೋಗಿ ಕೂರಬೇಕು, ಎಷ್ಟು ಸಲ ತಟ್ಟಿದರೂ ಅಷ್ಟೂ ಸಲ ನೋಡುತ್ತೇನೆ ಎಂದೆ. ಹೇಳುತ್ತಿದ್ದ ಹಾಗೆಯೇ ನನ್ನ ಕಣ್ಣೆದುರು ಅಜ್ಜಿಯ ಕತ್ತು ಗಡಿಯಾರದ ಕಡೆ ಹೊರಳಿತು. ಆಡು ಕಳೆದುಹೋದ ಕತೆಯನ್ನು ಅಲ್ಲೇ ನಿಂತು ಅವಳಿಗೆ ಹೇಳಿದೆ. ಅವಳು ನಗಲಿಲ್ಲ. ಸ್ಕ್ರೀನನ್ನೇ ನೋಡುತ್ತಿದ್ದಳು.

"ನಾವು ಇಲ್ಲಿ ಇಫ್ ಬರೆದಿದ್ದೇವೆ," ಎಂದಳು.

"ಅದಕ್ಕೆ?"

"ಡಬ್ಬಿ ಖಾಲಿ ಇದ್ದರೆ ಮಲಗು ಅಂತ ಒಂದೇ ಸಲ ನೋಡಿದ್ದು. ಸಿಗ್ನಲ್ ಬಂತು, ಎದ್ದ, ಮತ್ತೆ ನೋಡಲೇ ಇಲ್ಲ, ಸೀದಾ ಕೈಹಾಕಿದ. ಇವನು ಎದ್ದು ಲಾಕ್ ಹಿಡಿಯುವಷ್ಟರಲ್ಲಿ ಇನ್ನೊಬ್ಬ ನುಗ್ಗಿ ತಿಂದು ಹೋಗಿದ್ದರೆ? ನಿನ್ನ ಅಜ್ಜಿ ಮೊದಲು ಇಫ್ ಇದ್ದದ್ದು, ಆಡು ಹೋದ ಮೇಲೆ ವೈಲ್ ಆದದ್ದು."

ಇಫ್ ಅಳಿಸಿ ವೈಲ್ ಎಂದು ಹಾಕಿದೆವು. ಎದ್ದಾಗಲೆಲ್ಲ ನೋಡು, ಖಾಲಿಯಾಗಿದ್ದರೆ ಮತ್ತೆ ಮಲಗು. ಆಮೇಲೆ ಎಷ್ಟು ಸಲ ಓಡಿಸಿದರೂ ಮೈನಸ್ ಒಂದು ಬರಲಿಲ್ಲ. ನಾವಿಬ್ಬರೂ ಕೈಕೈ ಹಿಡಿದುಕೊಂಡು ಕುಣಿಯುವುದೊಂದು ಬಾಕಿ. ಕಿಟಕಿಯಲ್ಲಿ ಇನ್ನೂ ಬಿಸಿಲಿತ್ತು. ಅವಳನ್ನು ಹೆಗಲು ಹಿಡಿದು ಹಿಂದಿನ ಬಾಗಿಲಿಗೆ ದಬ್ಬಿದೆ. ಅವಳು ಮರಳಿ ಬಂದು ಮೇಜಿನ ಮೇಲೆ ಡಬ್ಬಿ ಕವುಚಿಟ್ಟಳು. ಅದರಿಂದ ಇಳಿದ ನೀರು ನನ್ನ ರೆಕಾರ್ಡು ಪುಸ್ತಕವನ್ನು ಒದ್ದೆ ಮಾಡಿತು.

ಆ ರಂಜಾನ್ ಪೂರ್ತಿ ಹಾಗೆಯೇ ನಡೆಯಿತು. ಟಕ್ ಟಕ್, ಕವುಚಿದ ಡಬ್ಬಿ, ನಾನು ಎತ್ತಿ ನೋಡುವುದು, ಸ್ವಲ್ಪ ಹೊತ್ತಿಗೆ ಬಾಂಗ್, ನನ್ನ ಖರ್ಜೂರ. ಕೆಲವೊಮ್ಮೆ ನಾನು ಪ್ರಿಂಟ್ ತೆಗೆಯಲು ಹೋಗಿದ್ದು ಅವಳು ತಟ್ಟಿದ್ದು ಕೇಳದಿದ್ದರೂ ಚಿಂತೆಯಿರಲಿಲ್ಲ. ಸದ್ದು ಹೋದರೂ ಡಬ್ಬಿ ಅಲ್ಲೇ ಇರುತ್ತಿತ್ತು. ಹೊಟ್ಟೆ ಖಾಲಿ ಇಟ್ಟುಕೊಂಡು ನಾನು ಅಷ್ಟು ಸಂತೋಷವಾಗಿದ್ದ ದಿನಗಳು ಬೇರೆ ಇಲ್ಲ.

ಲ್ಯಾಬ್ ಪರೀಕ್ಷೆ ಬಂದದ್ದು ನೋಂಬಿನ ಕೊನೆಯ ವಾರದಲ್ಲಿ. ಮಧ್ಯಾಹ್ನ ಶುರುವಾಗಬೇಕಿದ್ದುದು ಕರೆಂಟು ಕೈಕೊಟ್ಟು ತಡವಾಯಿತು. ಹೊರಗಿನಿಂದ ಬಂದ ಪರೀಕ್ಷಕರು ಒಬ್ಬೊಬ್ಬರನ್ನೇ ಕರೆದು ನಿಧಾನವಾಗಿ ಪ್ರಶ್ನೆ ಕೇಳುವವರು. ಅವತ್ತು ಜೊತೆ ಇಲ್ಲ, ಒಬ್ಬೊಬ್ಬರಿಗೆ ಒಂದೊಂದು ಕಂಪ್ಯೂಟರ್. ಚೀಟಿ ಎತ್ತಿದಾಗ ನನಗೆ ಬಂದದ್ದು ಅದೇ ಡಬ್ಬಿಯ ಪ್ರೋಗ್ರಾಮು. ಪರೀಕ್ಷಕರು ಸ್ಕ್ರೀನಿನ ಮೇಲೆ ಬೆರಳಿಟ್ಟು, "ಇಲ್ಲಿ ವೈಲ್ ಯಾಕೆ? ಇಫ್ ಸಾಲದಾ?" ಎಂದರು.

"ಎಬ್ಬಿಸಿದರು ಅಂದ ಮಾತ್ರಕ್ಕೆ ಡಬ್ಬಿ ತುಂಬಿದೆ ಅಂತ ಅಲ್ಲ ಸರ್. ಎದ್ದ ಮೇಲೆ ನಾವೇ ನೋಡಬೇಕು."

"ಈ ಡಬ್ಬಿ ಅಂದರೆ ಎಂತ?"

"ಬಫರ್ ಸರ್."

ಅವರು ನಕ್ಕು ಮುಂದಿನವರನ್ನು ಕರೆದರು. ನಾನು ಹೊರಗೆ ಬಂದೆ. ಅವಳ ಸರದಿ ನನ್ನಿಂದ ತುಂಬ ಹಿಂದೆ. ಚೀಲಗಳೆಲ್ಲ ಹೊರಗೆ ಜಗಲಿಯಲ್ಲಿದ್ದವು. ಅವಳ ಚೀಲವನ್ನು ನನ್ನ ಪಕ್ಕಕ್ಕೆ ಎಳೆದುಕೊಂಡು ಮುಂದಿನ ಮೆಟ್ಟಿಲ ಮೇಲೆ ಕೂತೆ. ಆ ಮೆಟ್ಟಿಲು ಪೂರ್ವಕ್ಕೆ. ಅಲ್ಲಿಂದ ಸೂರ್ಯ ಕಾಣುವುದಿಲ್ಲ, ಎದುರಿನ ಗೇರುಮರಗಳ ತಲೆಯ ಮೇಲಿನ ಬೆಳಕು ಮಾತ್ರ ಕಾಣುತ್ತದೆ. ಅದು ಮೇಲೆ ಮೇಲೆ ಸರಿಯುತ್ತಿತ್ತು. ಒಳಗೆ ಹೋಗಿ ಅವಳನ್ನು ಎಳೆದುಕೊಂಡು ಬರಲೇ ಅನ್ನಿಸಿತು. ಇನ್ನೊಂದು ದಿನ ಡಬ್ಬಿ ತುಂಬಿ ಬಂದರೆ ಎಂದು ಅವಳ ಅಮ್ಮ ಹೇಳಿದ್ದು ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ಇಷ್ಟು ದಿನ ಕಾಪಾಡಿಕೊಂಡು ಬಂದದ್ದು ಇವತ್ತೊಂದು ದಿನಕ್ಕೆ ಹೋಗುತ್ತದಲ್ಲ ಎಂದು ಅಳು ಬಂತು. ಬಾಗಿಲ ಸಂದಿಯಿಂದ ಇಣುಕಿದರೆ ಪರೀಕ್ಷಕರು ಚಹಾ ಕುಡಿಯುತ್ತಿದ್ದರು.

ಕೊನೆಗೆ ಅವಳು ಓಡಿಬಂದಳು. ಚೀಲ ಕಸಿದುಕೊಂಡು, "ಇನ್ನೂ ಹೊತ್ತು ಉಂಟು, ಇನ್ನೂ ಉಂಟು," ಎನ್ನುತ್ತ ಕಟ್ಟಡ ಸುತ್ತಿ ಹಿಂದಕ್ಕೆ ಹೋದಳು. ಕಾನೂನಿನ ಪ್ರಕಾರ ನಾನು ಅಲ್ಲೇ ಕೂತೆ. ಸ್ವಲ್ಪ ಹೊತ್ತಿಗೆ ಬಂದು ಮೆಟ್ಟಿಲ ಮೇಲೆ ಟಕ್ ಟಕ್ ಎಂದು ತಟ್ಟಿ, ಡಬ್ಬಿಯನ್ನು ಮುಚ್ಚಳದ ಮೇಲೆ ಕವುಚಿಟ್ಟಳು. ಎತ್ತಿ ನೋಡಿದೆ. ಖಾಲಿ, ತೊಳೆದದ್ದು, ಅಂಚಿನಲ್ಲಿ ನೀರಿನ ಹನಿ.

"ಗೆದ್ದೆವು," ಎಂದೆ.

"ಗೆದ್ದೆವು," ಎಂದಳು.

ಆಗಲೇ ಬಾಂಗ್ ಆಯಿತು. ಆ ದಿನ ನಾನು ಖರ್ಜೂರದ ಪೊಟ್ಟಣ ಪೂರ್ತಿ ಖಾಲಿ ಮಾಡಿದೆ. ಅವಳು ಪಕ್ಕದಲ್ಲಿ ಕೂತು ನೀರು ಕುಡಿಯುತ್ತ ಪರೀಕ್ಷಕರನ್ನು ಅಣಕಿಸಿ ನಗಿಸಿದಳು. ಮರುವರ್ಷದ ಪ್ರಾಜೆಕ್ಟನ್ನು ನಾವು ಒಟ್ಟಿಗೇ ಮಾಡಿದೆವು.

ಓದು ಮುಗಿದ ಮೇಲೆ ಅವಳಿಗೆ ಬೆಳ್ತಂಗಡಿಗೆ ಮದುವೆಯಾಯಿತು. ಅಲ್ಲೇ ಒಂದು ಶಾಲೆಯಲ್ಲಿ ಕಂಪ್ಯೂಟರ್ ಕಲಿಸತೊಡಗಿದಳು. ನಾನು ಬಂಟ್ವಾಳದಲ್ಲಿ ಪಿಯುಸಿ ಮಕ್ಕಳಿಗೆ ಸಿ ಭಾಷೆ ಹೇಳಿಕೊಡುವವಳಾದೆ. ಅವಳ ನಿಯಮದ ಅವಧಿ ಮುಗಿದಿದ್ದರೂ ಅವಳು ಅದನ್ನು ಬಿಟ್ಟಿರಲಿಲ್ಲ. ರೂಢಿಯಾಗಿದೆ, ಇನ್ನು ಬಿಟ್ಟರೆ ಹೊಟ್ಟೆಗೇ ಬೇಜಾರಾಗ್ತದೆ ಎನ್ನುತ್ತಿದ್ದಳು. ಕೆಲವು ವರ್ಷ ಕಳೆದು, ರಂಜಾನ್ ಮಳೆಗಾಲಕ್ಕೆ ಸರಿದು ಬಂದಿದ್ದಾಗ, ಒಂದು ಭಾನುವಾರ ಅವಳ ಮನೆಗೆ ಹೋದೆ. ಸಂಜೆಯ ತನಕ ಇದ್ದು ಅಲ್ಲೇ ನೋಂಬು ಬಿಡಬೇಕು ಎಂದು ಅವಳ ಹಟ. ಅವಳ ಅಮ್ಮನೂ ಮಗಳನ್ನು ನೋಡಲು ಬಂದಿದ್ದರು.

ಅಡುಗೆಮನೆಯಲ್ಲಿ ಅಮ್ಮ ದೋಸೆ ಹೊಯ್ಯುತ್ತಿದ್ದರು. ನಾವಿಬ್ಬರೂ ಬಾಗಿಲಲ್ಲಿ ಕೂತು ಹಳೆಯದನ್ನೆಲ್ಲ ತೆಗೆದು ನಗುತ್ತಿದ್ದೆವು. ಈಗಲೂ ಕಂಡೀಷನ್ ವೇರಿಯಬಲ್ ಎಂಬ ಮಾತು ಎಲ್ಲಿ ಕಂಡರೂ ನನಗೆ ನಿನ್ನ ಸ್ಟೀಲ್ ಡಬ್ಬಿಯೇ ನೆನಪಾಗುತ್ತದೆ ಎಂದೆ. "ನೀನು ಸುಳ್ಳು ಹೇಳಿದ್ದೀ, ನಿನ್ನ ಡಬ್ಬಿ ಮಾತ್ರ ನನಗೆ ಯಾವತ್ತೂ ಸುಳ್ಳು ಹೇಳಲಿಲ್ಲ."

ಅವಳು ತಲೆ ತಗ್ಗಿಸಿ ನಕ್ಕಳು.

"ಒಂದು ದಿನ ಅದೂ ಹೇಳಿತು ಮಾರಾಯ್ತಿ. ಪರೀಕ್ಷೆಯ ದಿನ."

ನನಗೆ ಅರ್ಥವಾಗಲಿಲ್ಲ.

"ಹಿಂದೆ ಹೋಗಿ ನೋಡುವಾಗ ಸೂರ್ಯ ಮುಳುಗಿ ಆಗಿತ್ತು. ಬಾಂಗ್ ಕೊಡುವುದು ಅದರ ಮೇಲೆ ಸ್ವಲ್ಪ ತಡೆದು ಅಲ್ಲವಾ. ಅಲ್ಲೊಂದು ನಾಯಿ ಇರ್ತಿತ್ತಲ್ಲ, ಕಿವಿ ಹರಿದದ್ದು, ಅದಕ್ಕೆ ಹಾಕಿ ತೊಳೆದುಕೊಂಡು ಬಂದೆ. ಡಬ್ಬಿ ತುಂಬಿದ್ದರೆ ಅಮ್ಮ ನಮ್ಮನ್ನು ಬಿಡಿಸ್ತಿದ್ದರು. ಮತ್ತೆ ನೀನು... ನಾನು ತಿನ್ನಲಿಲ್ಲ ಅಂತ ಗೊತ್ತಾದರೆ ನೀನು ತಿನ್ನುತ್ತಿದ್ದೆಯಾ?"

ಕಾವಲಿಯ ಮೇಲಿನ ದೋಸೆ ಸೀಯುವ ವಾಸನೆ ಬಂತು. ಅಮ್ಮ ಸಟ್ಟುಗ ಹಿಡಿದುಕೊಂಡು ಹಾಗೆಯೇ ನಿಂತಿದ್ದರು. "ಆ ದಿನ ಖಾಲಿ ಡಬ್ಬಿ ನೋಡಿ ನಾನು ದೇವರಿಗೆ ಕೈಮುಗಿದಿದ್ದೆ," ಎಂದರು. "ಅದು ನಾಯಿಗೆ ಮುಗಿದ ಹಾಗಾಯಿತಲ್ಲ."

ಅವರು ನಗಿಸಲೆಂದೇ ಹೇಳಿದ್ದು. ನನಗೆ ನಗು ಬರಲಿಲ್ಲ. ಆ ಸಂಜೆ ನನ್ನ ಪಕ್ಕದಲ್ಲಿ ಕೂತು ನೀರು ಕುಡಿಯುತ್ತ ನಗಿಸುತ್ತಿದ್ದವಳು ಹಸಿದು ಕೂತಿದ್ದಳು, ನಾನು ಒಂದರ ಮೇಲೊಂದು ಖರ್ಜೂರ ತಿನ್ನುತ್ತಿದ್ದೆ. ಪರೀಕ್ಷಕರಿಗೆ ಎಷ್ಟು ಠೀವಿಯಿಂದ ಉತ್ತರ ಕೊಟ್ಟಿದ್ದೆ, ಎದ್ದ ಮೇಲೆ ನಾವೇ ನೋಡಬೇಕು ಎಂದು. ನೋಡಿದ್ದೇನೋ ನಿಜ. ಪ್ರೀತಿ ಇದ್ದವರು ಡಬ್ಬಿಯನ್ನೇ ಖಾಲಿ ಮಾಡಿ ಕವುಚಿಟ್ಟರೆ ನೋಡಿ ಏನು ಪ್ರಯೋಜನ? ಅವಳ ಮೇಲೆ ಕೋಪ ಬಂತು, ಅದರ ಹಿಂದೆಯೇ ಅಳು ಬಂತು, ಎರಡನ್ನೂ ಅಡಗಿಸಿಕೊಳ್ಳಲಿಲ್ಲ.

ಹೊರಗೆ ಮೋಡ ಕವಿದು ಹೊತ್ತು ತಿಳಿಯುವಂತಿರಲಿಲ್ಲ. ಅಮ್ಮ ಗಡಿಯಾರ ನೋಡಿ, ಅವಳ ತಟ್ಟೆಗೆ ದೋಸೆ ಹಾಕಿ, "ಬೇಗ ಉಣ್ಣು," ಎಂದರು. ಅವಳು ಹಳೆಯ ಅಭ್ಯಾಸದಂತೆ ನನ್ನತ್ತ ನೋಡಿ, "ನೀನು ಜಗಲಿಯಲ್ಲಿ ಕೂರು, ನಾನು ತಿಂದು ಬರ್ತೇನೆ," ಎಂದಳು.

"ನಾನು ಎಲ್ಲಿಗೂ ಹೋಗುವುದಿಲ್ಲ."

"ನೋಂಬಿನಲ್ಲಿದ್ದೀ. ನಿನ್ನ ಎದುರು ನಾನು ಹೇಗೆ..."

"ಎದುರೇ ತಿನ್ನು. ನೋಡ್ತೇನೆ."

ಅವಳು ನಾಚಿಕೊಂಡು ತಲೆ ತಗ್ಗಿಸಿ ತಿಂದಳು. ನಾನು ತಟ್ಟೆಯನ್ನು ನೋಡಲಿಲ್ಲ. ಕೊನೆಯ ತುತ್ತು ಅವಳ ಗಂಟಲಲ್ಲಿ ಇಳಿಯುವ ತನಕ ಅವಳ ಮುಖವನ್ನೇ ನೋಡುತ್ತ ಕೂತೆ. ಅವಳು ಕೈತೊಳೆದು ಬಂದು ಸ್ವಲ್ಪ ಹೊತ್ತಾದ ಮೇಲೆ ಬೆಳ್ತಂಗಡಿ ಪೇಟೆಯ ಕಡೆಯಿಂದ 'ಟಕ್ ಟಕ್' ಕೇಳಿಸಿತು, ಅದರ ಹಿಂದೆ ಬಾಂಗ್. ಅವಳು ಖರ್ಜೂರದ ತಟ್ಟೆ ತಂದು ಎದುರಿಗೆ ಹಿಡಿದಳು. ನಾನು ಒಂದನ್ನು ಬಾಯಿಗೆ ಹಾಕಿಕೊಂಡೆ. ಅದನ್ನು ನುಂಗುವ ತನಕ ಅವಳು ತಟ್ಟೆ ಹಿಡಿದುಕೊಂಡು ನನ್ನ ಬಾಯಿಯನ್ನೇ ನೋಡುತ್ತ ನಿಂತಿದ್ದಳು.